ಪೂಲ್ ಕ್ಯೂನೊಳಗೆ ಆಯಸ್ಕಾಂತವಿಲ್ಲ: ಒಂದು ಸ್ಪಷ್ಟನೆ

ಪೂಲ್ ಎಂಬ ಮೇಜಿನಾಟದ ಪ್ರದರ್ಶನಗಳಲ್ಲಿ ಬಿಳಿ ಚೆಂಡನ್ನು ಬಿಲ್ಲಿನಂತೆ ಬಾಗಿ ಸಾಗುವಂತೆ ಹೊಡೆಯುವ ಆಟಗಾರರ ಕ್ಯೂನೊಳಗೆ (ಚೆಂಡು ಹೊಡೆಯುವ ಕೋಲಿನೊಳಗೆ) ಆಯಸ್ಕಾಂತ ಇರುತ್ತದೆ, ಅಂಥ ದುಬಾರಿ ಕ್ಯೂ ಕೊಂಡರೆ ಯಾರಾದರೂ ಹಾಗೆ ಹೊಡೆಯಬಹುದು ಎಂಬ ಸಂದೇಶ ಬೆಂಗಳೂರಿನ ಆಟಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ. ಸ್ಪರ್ಧೆಯ ಚೆಂಡುಗಳು ಫಿನಾಲಿಕ್ ರಾಳ ಎಂಬ ಗಟ್ಟಿ ಪ್ಲಾಸ್ಟಿಕ್‌ನವು. ಆಯಸ್ಕಾಂತ ಅವನ್ನು ಎಳೆಯಲಾರದು. ಕ್ಯೂನ ತುದಿ ಚೆಂಡಿಗೆ ತಾಗಿರುವುದೂ ಒಂದೆರಡು ಮಿಲಿಸೆಕೆಂಡು ಮಾತ್ರ.

ಮಾಸೆ ಎಂದು ಕರೆಯುವ ಆ ಹೊಡೆತದಲ್ಲಿ ಕ್ಯೂವನ್ನು ಬಹುಮಟ್ಟಿಗೆ ನೆಟ್ಟಗೆ ಎತ್ತಿ, ಚೆಂಡಿನ ನಡುವನ್ನು ಬಿಟ್ಟು ಪಕ್ಕಕ್ಕೆ ಹೊಡೆಯುತ್ತಾರೆ. ಹಾಗೆ ಹುಟ್ಟಿದ ತಿರುಗುವಿಕೆ ಮೇಜಿನ ಬಟ್ಟೆಯೊಂದಿಗೆ ಉಜ್ಜಿದಾಗ ಚೆಂಡಿನ ದಾರಿ ಬಾಗುತ್ತದೆ. ತುದಿ ಜಾರದಂತೆ ತಡೆಯುವುದು ಚರ್ಮ ಮತ್ತು ಸೀಮೆಸುಣ್ಣ. ಆ ಚರ್ಮದ ತುದಿಯ ಶ್ರೇಯಸ್ಸು 19ನೇ ಶತಮಾನದ ಆರಂಭದ ಫ್ರಾನ್ಸಿನ ಫ್ರಾಂಸ್ವಾ ಮಿಂಗೋ ಅವರಿಗೆ ಸಲ್ಲುತ್ತದೆ. ಇಂಥ ಹೊಡೆತಗಳ ಪ್ರದರ್ಶನಕ್ಕೂ ಅವರು ಹೆಸರಾಗಿದ್ದರು.

ಹಲವು ಕ್ಯೂಗಳ ಹಿಡಿಕೆಯಲ್ಲಿ ಲೋಹದ ಬೋಲ್ಟ್ ಇರುವುದು ನಿಜ, ಆದರೆ ಅದು ತೂಕ ಮತ್ತು ಸಮತೋಲಕ್ಕಾಗಿ. ಕ್ಯೂನ ಬೆಲೆಯಲ್ಲಿ ನಿಜವಾಗಿ ಸೇರಿರುವುದು ಕುಶಲಕರ್ಮಿಯ ತಾಳ್ಮೆ: ಪೂಲ್‌ಗೆ ಮೇಪಲ್, ಸ್ನೂಕರ್‌ಗೆ ಹೆಚ್ಚಾಗಿ ಆ್ಯಶ್ ಮರವನ್ನು ನೇರ ಎಳೆ ನೋಡಿ ಆರಿಸಿ, ಚೆನ್ನಾಗಿ ಒಣಗಿಸಿ, ಲೇತ್‌ನಲ್ಲಿ ಸ್ವಲ್ಪಸ್ವಲ್ಪವೇ ಕಡೆದು, ಪ್ರತಿ ಸುತ್ತಿನ ನಂತರವೂ ಮರ ಬಾಗದೆ ನಿಲ್ಲುತ್ತದೆಯೇ ಎಂದು ವಾರಗಟ್ಟಲೆ ಕಾಯುತ್ತಾರೆ. ಆ ದುಡಿಮೆಯನ್ನು ಮೋಸವೆಂದು ಕರೆಯುವುದು ಅನ್ಯಾಯ. ಹಿಡಿಕೆಯ ಕುಸುರಿ ಕೆತ್ತನೆ ಚೆಲುವಿಗಷ್ಟೇ. ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದದ್ದು ಕೋಲಿನ ನೇರ, ಜೋಡಣೆಯ ಬಿಗಿ ಮತ್ತು ತುದಿಯ ಚರ್ಮವನ್ನು.