ಮಾರಿ ತೋರಿಸಬೇಕಲ್ಲ

"ಐದು ವಾರ ಆತು ಅಂತಿ. ಏನಾಗ್ಯಾದ ಅಂತ ನೋಡ್ಲಾಕ ಒಬ್ಬ ಮನಷ್ಯಾ ಬರಲಿಲ್ಲೇನು?"

ಜೂನ್ ತಿಂಗಳ ಒಂದು ರವಿವಾರ, ಸೋರುತ್ತಿದ್ದ ನನ್ನ ಹೊಸ ಗಾಡಿಯ ಬಗ್ಗೆ ಅಣ್ಣ ಫೋನಿನಲ್ಲಿ ಹೀಗೆ ಕೇಳಿದ. ಬರಲಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅಷ್ಟು ರೊಕ್ಕಾ ಕೊಟ್ಟಿದಿ" ಎಂದ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಅವನ ದನಿಯಲ್ಲಿ ಮರುಕ ಇತ್ತು. ಅದು ಇನ್ನೂ ಚುಚ್ಚುತ್ತಿದೆ.

ನಾವು ಇಂಗ್ಲೆಂಡಿನ ಡರ್ಬಿಗೆ ಬಂದು ಹದಿನಾರು ವರ್ಷ ಆಯಿತು. ಈ ಏಪ್ರಿಲ್‌ನಲ್ಲಿ ಒಂದು ಹೊಸ ಮೋಟರ್‌ಹೋಮ್, ಅಂದರೆ ಉಂಡು ಮಲಗಲು ಒಳಗೇ ಮನೆಯಿರುವ ಗಾಡಿ, ತಗೊಂಡೆವು. ಬೆಲೆ 68,000 ಪೌಂಡ್. ರೂಪಾಯಿಯಲ್ಲಿ ಎಣಿಸಿದರೆ ಎಪ್ಪತ್ತು ಲಕ್ಷ ದಾಟುತ್ತದೆ. ಹತ್ತು ವರ್ಷ ಕೂಡಿಟ್ಟದ್ದು ಒಂದು ಪಾಲು, ಸಾಲ ಇನ್ನೊಂದು ಪಾಲು. ಇದ್ಯಾಕೆ ಬೇಕಿತ್ತು ಎಂದು ಊರಲ್ಲಿ ಎಲ್ಲರೂ ಕೇಳಿದರು. ನನ್ನ ಕಣ್ಣ ಮುಂದೆ ಇದ್ದದ್ದು ಎಳ್ಳ ಅಮಾವಾಸ್ಯೆಯ ಬಂಡಿ. ಕಲಬುರಗಿ ಜಿಲ್ಲೆಯ ಕಮಲಾಪುರದ ಹತ್ತಿರ ನಮ್ಮ ಹೊಲ. ಅವ್ವ ನಸುಕಿನಲ್ಲೇ ಎದ್ದು ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎಲ್ಲ ಕಟ್ಟುತ್ತಿದ್ದಳು. ಬಂಡಿಯಲ್ಲಿ ಮಂದಿಗಿಂತ ಬುಟ್ಟಿಗಳೇ ಜಾಸ್ತಿ. ಭೂಮಿತಾಯಿಗೆ ನೈವೇದ್ಯವಾಗಿ ಹೊಲದಲ್ಲಿ ಚರಗ ಚೆಲ್ಲಿ, ಹೊಟ್ಟೆ ತುಂಬ ಉಂಡು, ಬಂಡಿಯ ನೆರಳಲ್ಲೇ ಮಲಗುತ್ತಿದ್ದೆವು. ಮನೆ ಕಟ್ಟಿಕೊಂಡು ಹೋಗುವ ಆ ಸುಖ ನನ್ನ ಮಕ್ಕಳಿಗೂ ಸಿಗಲಿ ಎಂಬ ಆಸೆ.

ಮೊದಲ ರಾತ್ರಿ ಲೇಕ್ ಡಿಸ್ಟ್ರಿಕ್ಟ್‌ನ ಗುಡ್ಡದಲ್ಲಿ ತಂಗಿದೆವು. ಬೆಳಿಗ್ಗೆ ಎದ್ದರೆ ಬಿಸಿನೀರಿನ ಬಾಯ್ಲರ್ ಖಾಲಿ. ಗಾಡಿ ಕೆಳಗೆಲ್ಲ ನೀರು. ಎದೆ ಧಸಕ್ಕೆಂದಿತು. ಪಕ್ಕದ ಗಾಡಿಯ ಹಿರಿಯರೊಬ್ಬರು ಬಂದು ನೋಡಿದರು. ಏನೂ ಕೆಟ್ಟಿಲ್ಲ ಎಂದರು. ಗಾಡಿಯೊಳಗಿನ ಚಳಿ 3 ಡಿಗ್ರಿ ಹತ್ತಿರ ಇಳಿದರೆ ಒಂದು ವಾಲ್ವ್ ತಾನಾಗಿ ತೆರೆದು ನೀರು ಚೆಲ್ಲಿಬಿಡುತ್ತದೆ. ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಬಾಯ್ಲರ್ ಒಡೆಯುತ್ತದೆ. ವಾಲ್ವ್ ಹತ್ತಿರ 7 ಡಿಗ್ರಿ ದಾಟಿದ ಮೇಲೆ ನಾವೇ ಕೈಯಿಂದ ಮುಚ್ಚಬೇಕು. ಗಾಡಿ ಕೊಡುವಾಗ ಡೀಲರ್ ಕಡೆಯ ಹುಡುಗ ಎರಡು ತಾಸು ಎಲ್ಲ ತೋರಿಸಿದ್ದ. ಇದನ್ನೊಂದು ಹೇಳಿರಲಿಲ್ಲ.

26ನೇ ದಿನ ನಿಜವಾದ ತೊಂದರೆ ಕಂಡಿತು. ಎರಡು ದಿನ ಜೋರು ಮಳೆ ಬಂದಿತ್ತು. ಹಿಂದಿನ ಮೂಲೆಯಲ್ಲಿ, ಮಗಳು ಮಲಗುವ ಜಾಗದ ಮೇಲೆ, ಗೋಡೆ ಒತ್ತಿದರೆ ಮೆತ್ತಗೆ. ತೇವ ಅಳೆಯುವ ಮೀಟರ್ ಒಂದನ್ನು ಗೆಳೆಯನಿಂದ ತಂದು ಹಿಡಿದೆ. ತೇವ ಶೇಕಡಾ 15ರ ಒಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ಸುಮ್ಮನೆ ಕೂರಬಾರದು ಎನ್ನುತ್ತಾರೆ. ನಮ್ಮದು 28.

ಇಂಥ ಗಾಡಿಗೆ ಸೋರಿಕೆ ಎಂದರೆ ಮನೆಗೆ ಗೆದ್ದಲು ಹತ್ತಿದ ಹಾಗೆ. ಛಾವಣಿಯ ಹಾಳೆಯೂ ಗೋಡೆಯ ಹಾಳೆಯೂ ಕೂಡುವ ಕಡೆ ಒಂದು ಪಟ್ಟಿ ಕೂರಿಸಿ ಸ್ಕ್ರೂ ಹೊಡೆದು ಅಂಟು ತುಂಬಿರುತ್ತಾರೆ. ಅಂಟು ಒಂದು ಕಡೆ ಬಿಟ್ಟರೂ ಸಾಕು, ನೀರು ಸ್ಕ್ರೂ ಗುಂಟ ಒಳಗೆ ಇಳಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕಟ್ಟಿಗೆಯ ಚೌಕಟ್ಟಿದ್ದರೆ ಒಳಗೊಳಗೇ ಕೊಳೆಯುತ್ತದೆ. ಕಂಡ ದಿನವೇ ಬಿಚ್ಚಿ ಒಣಗಿಸಬೇಕು.

ಡೀಲರ್‌ಗೆ ಫೋನ್ ಮಾಡಿದೆ. ತುಂಬ ಮರ್ಯಾದೆಯಿಂದ ಮಾತಾಡಿದರು. ವರ್ಕ್‌ಶಾಪ್ ಖಾಲಿಯಿಲ್ಲ, ಜುಲೈ ಎರಡನೇ ವಾರ ತನ್ನಿ ಎಂದರು. ಒಂಬತ್ತು ವಾರ! ಅಲ್ಲಿಯವರೆಗೆ ಮಳೆ ನಿಲ್ಲುತ್ತದೆಯೇ? ಇದು ಇಂಗ್ಲೆಂಡ್.

ಅದೇ ವಾರ ಬಾಗಿಲ ಮೆಟ್ಟಿಲೂ ಕೈಕೊಟ್ಟಿತು. ಇಂಜಿನ್ ಶುರು ಮಾಡಿದರೆ ಮೆಟ್ಟಿಲು ತಾನೇ ಒಳಗೆ ಹೋಗಬೇಕು. ಹೋಗಲಿಲ್ಲ. ಮೋಟರ್‌ಹೋಮ್ ಎಂದರೆ ಒಂದೇ ಕಂಪನಿಯ ಗಾಡಿ ಅಂದುಕೊಳ್ಳಬೇಡಿ. ಡುಕಾಟೊ, ಟ್ರಾನ್ಸಿಟ್, ಸ್ಪ್ರಿಂಟರ್ ಇಂಥ ಯಾವುದೋ ವ್ಯಾನಿನ ತಳ, ಇಂಜಿನ್ ಒಬ್ಬರದು. ಅದರ ಮೇಲಿನ ಮನೆ ಕಟ್ಟಿದವರು ಇನ್ನೊಬ್ಬರು. ಫ್ರಿಜ್, ಹೀಟರ್, ಮೆಟ್ಟಿಲು ಒಂದೊಂದೂ ಬೇರೆ ಕಂಪನಿ. ವಾರಂಟಿ ಪುಸ್ತಕಗಳೂ ಅಷ್ಟೇ. ಇಂಜಿನ್ ಕಡೆಯವರನ್ನು ಕೇಳಿದರೆ, ನಮ್ಮ ಸಿಗ್ನಲ್ ಸರಿಯಾಗಿದೆ, ಮನೆ ಕಟ್ಟಿದವರ ವೈರಿಂಗ್ ನೋಡಿಸಿ ಎಂದರು. ಮನೆ ಕಟ್ಟಿದವರು, ಡೀಲರ್ ಮೂಲಕ ಫೋಟೊ ಕಳಿಸಿ, ಒಪ್ಪಿಗೆ ಕೊಟ್ಟ ಮೇಲೆ ಕೆಲಸ ಎಂದರು. ಡೀಲರ್, ಒಪ್ಪಿಗೆ ಬಂದಿಲ್ಲ ಎಂದರು. ಪ್ರತಿ ಸಲ ಫೋನ್ ಎತ್ತುವವರು ಬೇರೆ. ಪ್ರತಿ ಸಲ ಮೊದಲಿನಿಂದ ಕತೆ ಹೇಳಬೇಕು. ಪ್ರತಿ ಸಲ ಕೊನೆಗೆ "ಸಾರಿ".

ಮನೆ ಬಾಗಿಲಿಗೇ ಬಂದು ದುರಸ್ತಿ ಮಾಡುವ ಮೆಕ್ಯಾನಿಕ್‌ಗಳು ಇಲ್ಲಿಯೂ ಇದ್ದಾರೆ. ಒಬ್ಬರನ್ನು ಕೇಳಿದೆ. ಪಟ್ಟಿ ಬಿಚ್ಚಿ ಹೊಸ ಅಂಟು ಹಾಕಿ ತಾತ್ಕಾಲಿಕವಾಗಿ ನೀರು ನಿಲ್ಲಿಸುವುದು ಒಂದು ದಿನದ ಕೆಲಸ ಎಂದರು. ಅವರು ಮುಟ್ಟಿದರೆ ವಾರಂಟಿ ಹೋಗಬಹುದು ಎಂದು ಡೀಲರ್ ಹೇಳಿದರು. ಕೆಲಸ ಬಲ್ಲವನು ಬಾಗಿಲಲ್ಲಿ ನಿಂತಿದ್ದಾನೆ, ಮುಟ್ಟುವ ಹಾಗಿಲ್ಲ. ನಾನು ಛಾವಣಿಗೆ ತಾಡಪತ್ರಿ ಕಟ್ಟಿ ಕುಳಿತೆ.

ಅಣ್ಣನ ಫೋನ್ ಬಂದದ್ದು ಇಂಥ ಹೊತ್ತಿನಲ್ಲಿ. ಅವನು ಫೋನ್ ಮಾಡಿದ್ದು ತನ್ನ ಸುದ್ದಿ ಹೇಳಲು. ಯುಗಾದಿಗೆ ತಗೊಂಡ ಹೊಸ ಟ್ರ್ಯಾಕ್ಟರ್ ಹಿಂದಿನ ದಿನ ಹೊಲದಲ್ಲೇ ನಿಂತಿತ್ತು. ಹೈಡ್ರಾಲಿಕ್ ಎತ್ತುತ್ತಿಲ್ಲ. ಮಳೆ ಬಿದ್ದು ಹದ ಬಂದಿದೆ, ತೊಗರಿ ಬಿತ್ತಬೇಕು, ಕೂರಿಗೆ ನೆಲದಿಂದ ಮೇಲೇಳುತ್ತಿಲ್ಲ. ಕಲಬುರಗಿಯ ಡೀಲರ್‌ಗೆ ಫೋನ್ ಹಚ್ಚಿದ. ಸಂಜೆಯೊಳಗೆ ಮಿಸ್ತ್ರಿ ಬೈಕಿನ ಮೇಲೆ ಬಂದ. ಬೇವಿನ ಗಿಡದ ಕೆಳಗೆ ಗೋಣಿಚೀಲ ಹಾಸಿ ಬಿಚ್ಚಿದ. ಎತ್ತುವ ಸಿಲಿಂಡರಿನ ಒಳಗಿನ ರಬ್ಬರ್ ರಿಂಗ್ ಕತ್ತರಿಸಿತ್ತು. ಹೊಸದು ಅವನ ಡಬ್ಬಿಯಲ್ಲೇ ಇತ್ತು. ಕತ್ತಲಾದ ಮೇಲೆ ಮೊಬೈಲ್ ಬೆಳಕಿನಲ್ಲಿ ಕೂರಿಸಿದ. ಅತ್ತಿಗೆ ಕೊಟ್ಟ ರೊಟ್ಟಿ ಉಂಡು ಹೋದ. ಮರುದಿನ ನಸುಕಿನಲ್ಲಿ ಬಿತ್ತನೆ.

ಅಷ್ಟು ಬೇಗ ಹೇಗೆ ಕಳಿಸಿದರು ಎಂದು ಕೇಳಿದೆ. ಅಣ್ಣನಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಶರಣಬಸವೇಶ್ವರ ಅಪ್ಪನ ಜಾತ್ರ್ಯಾಗ ಸಿಗ್ತಾರ. ಮಾರಿ ತೋರಿಸಬೇಕಲ್ಲ ಅವರು?"

ನಮ್ಮ ಕಡೆ ಮಾರಿ ಎಂದರೆ ಮುಖ. ಅವತ್ತಿನಿಂದ ಈ ಮಾತೇ ತಲೆಯಲ್ಲಿ ಸುತ್ತುತ್ತಿದೆ. ನಮ್ಮ ಕಡೆ ಗಾಡಿ ಮಾರಿದವನಿಗೂ ಕೊಂಡವನಿಗೂ ನಡುವೆ ಊರು ಇರುತ್ತದೆ. ಅವನ ಬೀಗರು ನಮ್ಮ ಪಕ್ಕದ ಊರಿನವರು. ಅವನ ಅಂಗಡಿಯ ಹುಡುಗ ನಮ್ಮ ಸೋದರಮಾವನ ಓಣಿಯವನು. ಇವತ್ತು ಕೈಬಿಟ್ಟರೆ ನಾಳೆ ಲಗ್ನದಲ್ಲಿ, ಜಾತ್ರೆಯಲ್ಲಿ, ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಚಹಾದ ಅಂಗಡಿಯಲ್ಲಿ ಎದುರಾಗುತ್ತೇವೆ. ನನ್ನ ಡೀಲರ್ ನಮ್ಮ ಮನೆಯಿಂದ ಒಂದೂವರೆ ತಾಸಿನ ದಾರಿ. ಗಾಡಿ ಮಾರಿದ ಮನುಷ್ಯನ ಮುಖ ನನಗೀಗ ನೆನಪಿಲ್ಲ. ನನ್ನದು ಅವನಿಗೆ ನೆನಪಿರುವುದು ಎಲ್ಲಿಂದ?

ಇನ್ನೊಂದು. ನಮ್ಮ ಕಡೆಯ ಮಿಸ್ತ್ರಿ ಕೆಟ್ಟದ್ದನ್ನು ಮುಟ್ಟಿ ನೋಡುತ್ತಾನೆ. ಕಲಬುರಗಿಯ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವಾಗ ನನ್ನ ಹತ್ತಿರ ಒಂದು ಹಳೆಯ ಸ್ಕೂಟರ್ ಇತ್ತು. ಹುಮನಾಬಾದ್ ರಿಂಗ್ ರೋಡ್ ಕಡೆಯ ಉಸ್ತಾದ್ ಒಬ್ಬರಿಗೆ ತೋರಿಸುತ್ತಿದ್ದೆ. ಅವರು ಮೊದಲು ಕಿವಿ ಕೊಡುತ್ತಿದ್ದರು, ಪಾನಾ ಆಮೇಲೆ. ಕಣ್ಣು ಮುಚ್ಚಿ ಇಂಜಿನ್ ಶಬ್ದ ಕೇಳಿ, ಇಂಥದ್ದೇ ಹೋಗಿದೆ ಎನ್ನುತ್ತಿದ್ದರು. ಇಂಜಿನಿಯರಿಂಗ್ ಪುಸ್ತಕದಲ್ಲಿ ಕಲಿಯದ್ದನ್ನು ನಾನು ಅವರ ಪಕ್ಕ ಕುಂತು ಕಲಿತೆ. ಇಲ್ಲಿ ಐದು ವಾರದಲ್ಲಿ ನನ್ನ ಗಾಡಿಯ ಮೂಲೆಗೆ ಒಬ್ಬರೂ ಕೈ ಹಚ್ಚಲಿಲ್ಲ. ಇಪ್ಪತ್ತಮೂರು ಫೋಟೊ ಮಾತ್ರ ಕಳಿಸಿಕೊಂಡರು. ರಾತ್ರಿ ಹೊತ್ತು ದಾರಿಯಲ್ಲಿ ಗಾಡಿ ನಿಂತರೆ ನನಗೆ ಬೇಕಾದವನು ಆ ಮಿಸ್ತ್ರಿಯೇ. ಇದನ್ನು ಈಗಲೂ ಹೇಳುತ್ತೇನೆ.

ಆದರೆ ಆಮೇಲೆ ನಡೆದದ್ದನ್ನೂ ಹೇಳಬೇಕು. ಹೇಳದಿದ್ದರೆ ತಪ್ಪಾಗುತ್ತದೆ.

ಅಣ್ಣನ ಫೋನ್ ಬಂದ ಮರುದಿನ ಆಫೀಸಿನಲ್ಲಿ ಈ ಗೋಳು ಹೇಳಿಕೊಂಡೆ. ಪಕ್ಕದ ಟೇಬಲ್ಲಿನ ಹೆಂಗಸು, ಫೋನ್ ಮಾಡುವುದು ಬಿಡು, ಬರೆದು ಕಳಿಸು ಎಂದರು. ಇಲ್ಲಿ 2015ರ ಗ್ರಾಹಕ ಹಕ್ಕು ಕಾಯ್ದೆ ಇದೆ. ದೋಷ ಕಂಡರೆ, ಕೊಂಡ 30 ದಿನದೊಳಗೆ ವಸ್ತು ಮರಳಿ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. ದುರಸ್ತಿಗೆ ಒಪ್ಪಿದರೆ ಆ ದಿನಗಳ ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ದುರಸ್ತಿ ಮುಗಿದು ಕೈಗೆ ಬಂದ ಮೇಲೆ ಕಡಿಮೆ ಎಂದರೂ 7 ದಿನ ಸಿಗುತ್ತದೆ. ಮೊದಲ 6 ತಿಂಗಳಲ್ಲಿ ಕಂಡ ದೋಷ ಕೊಡುವಾಗಲೇ ಇತ್ತು ಎಂದು ಲೆಕ್ಕ. ಇರಲಿಲ್ಲ ಎಂದು ತೋರಿಸುವ ಹೊರೆ ಅಂಗಡಿಯವರದು. ಎಲ್ಲಕ್ಕಿಂತ ದೊಡ್ಡದು, ಇದಕ್ಕೆಲ್ಲ ಉತ್ತರ ಕೊಡಬೇಕಾದವರು ಮಾರಿದವರು. ತಳ ಒಬ್ಬರದು, ಮನೆ ಒಬ್ಬರದು ಎಂಬ ಮಾತು ನಮಗೆ ಹೇಳುವಂತಿಲ್ಲ.

ಆ ರಾತ್ರಿ ಆರು ಸಾಲು ಬರೆದೆ. ಕೊಂಡ ದಿನ, ಸೋರಿಕೆ ಕಂಡ ದಿನ, ಮೀಟರಿನ ಅಂಕಿ, ಮೆಟ್ಟಿಲು, ಕಾಯ್ದೆಯ ಹೆಸರು. ಸರಿಯಾದ ಸಮಯದಲ್ಲಿ ದುರಸ್ತಿ ಆಗದಿದ್ದರೆ ಗಾಡಿ ಮರಳಿಸುತ್ತೇನೆ ಎಂದು ಕೊನೆಗೆ. ಎರಡು ದಿನದಲ್ಲಿ ಉತ್ತರ ಬಂತು. ಜೂನ್ ಕೊನೆಯ ವಾರ ಗಾಡಿ ಒಳಗೆ ತಗೊಂಡರು. ಮೂರು ವಾರ ಇಟ್ಟುಕೊಂಡು ಪಟ್ಟಿ ಪೂರ್ತಿ ಬಿಚ್ಚಿ, ಗೋಡೆ ಒಣಗಿಸಿ, ಹೊಸ ಅಂಟು ತುಂಬಿದರು. ಮೆಟ್ಟಿಲಿನ ವೈರ್ ಬದಲಿಸಿದರು. ಮೀಟರ್ ಈಗ 12 ತೋರಿಸುತ್ತದೆ. ಏನೇನು ಮಾಡಿದರು ಎಂಬುದು ಎರಡು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ. ಒಂದು ಪೌಂಡ್ ಕೇಳಲಿಲ್ಲ. ಕಾಯ್ದೆ ತೋರಿಸಿದೆ ಎಂದು ಯಾರೂ ಮುನಿಸಿಕೊಳ್ಳಲೂ ಇಲ್ಲ.

ಅತ್ತ ಅಣ್ಣನ ಟ್ರ್ಯಾಕ್ಟರ್ ಆಗಸ್ಟ್‌ನಲ್ಲಿ ಎಡೆ ಹೊಡೆಯುವಾಗ ಮತ್ತೆ ನಿಂತಿತು. ಮಿಸ್ತ್ರಿ ಬಂದ, ಅಂಥದ್ದೇ ಇನ್ನೊಂದು ರಿಂಗ್ ಹಾಕಿದ. ಸೆಪ್ಟೆಂಬರ್‌ನಲ್ಲಿ ಜೋಳದ ಹೊಲ ಹರಗುವಾಗ ಮೂರನೇ ಸಲ. ಹೊಸ ರಿಂಗ್ ಒಂದೆರಡು ತಿಂಗಳಿಗೊಮ್ಮೆ ಕತ್ತರಿಸುತ್ತದೆ ಎಂದರೆ ಸಿಲಿಂಡರಿನ ಒಳಗೋಡೆಗೇ ಗೀರು ಬಿದ್ದಿರಬೇಕು. ಪೂರ್ತಿ ಸಿಲಿಂಡರ್ ವಾರಂಟಿಯಲ್ಲಿ ಬದಲಿಸಿ ಕೊಡು ಎಂದು ಕೇಳಬೇಕು. ಅಣ್ಣ ಕೇಳುತ್ತಿಲ್ಲ.

"ರಾತ್ರ್ಯಾಗ ಬಂದು ಮಾಡಿ ಕೊಟ್ಟಾರ. ಹ್ಯಾಂಗ ಕೇಳ್ಲಿ?"

ಅವರಷ್ಟೇ ಅಲ್ಲ, ಇವನೂ ಮಾರಿ ತೋರಿಸಬೇಕಲ್ಲ. ಮಿಸ್ತ್ರಿಯನ್ನು ಓಡಿಸಿಕೊಂಡು ಬಂದ ಆ ಸಂಕೋಚವೇ ಅಣ್ಣನ ಬಾಯಿಯನ್ನೂ ಕಟ್ಟಿಹಾಕಿದೆ. ಮೂರು ಸಲ ಬಂದ ಮಿಸ್ತ್ರಿ ಒಂದು ಸಲವೂ ಜಾಬ್ ಕಾರ್ಡ್, ಅಂದರೆ ಏನು ಕೆಟ್ಟಿತ್ತು, ಏನು ಮಾಡಿದೆ ಎಂಬ ಚೀಟಿ, ಬರೆದಿಲ್ಲ. ಕೊಂಡು ಮೂರು ತಿಂಗಳೊಳಗೇ ಕೆಟ್ಟಿತು ಎನ್ನುವುದಕ್ಕೆ ಅಣ್ಣನ ಮಾತು ಬಿಟ್ಟರೆ ಏನೂ ಇಲ್ಲ. ವಾರಂಟಿ ಮುಗಿದ ಮೇಲೆ ಆ ಮಾತಿಗೆ ಬೆಲೆ ಎಷ್ಟು?

ಕಾಯ್ದೆ ನಮ್ಮಲ್ಲೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಹೊಟ್ಟೆಪಾಡಿಗೆ, ಸ್ವಂತ ದುಡಿಮೆಗೆ ತಗೊಂಡ ಯಂತ್ರವೂ ಅದರ ಒಳಗೆ ಬರುತ್ತದೆ. ದೂರು ಕೊಡಲು ಎರಡು ವರ್ಷ ಸಮಯ. ಇರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೊಡಬಹುದು, ಅಂದರೆ ಅಣ್ಣ ಕಲಬುರಗಿ ಬಿಟ್ಟು ಎಲ್ಲಿಗೂ ಹೋಗಬೇಕಿಲ್ಲ. 5 ಲಕ್ಷದಿಂದ 10 ಲಕ್ಷದವರೆಗಿನ ವಸ್ತುವಿಗೆ ಶುಲ್ಕ 200 ರೂಪಾಯಿ. ನಾನು ಅರ್ಜಿಗಿಂತ ಮೊದಲು ಡೀಲರ್‌ಗೆ ಕೊಡುವ ಪತ್ರವೊಂದನ್ನು ಕನ್ನಡದಲ್ಲಿ ಬರೆದು ಕಳಿಸಿದೆ. ಆರು ಸಾಲು, ನನ್ನದರ ಹಾಗೆಯೇ.

ಹೋದ ವಾರ ಕೇಳಿದೆ, ಕೊಟ್ಟೆಯಾ ಎಂದು.

"ಅವರ ಮಗಳ ಲಗ್ನ ಅದ ತಮ್ಮಾ. ಅದೊಂದು ಮುಗೀಲಿ, ಆಮ್ಯಾಲ ನೋಡಮು."

ನಾನು ಹೆಚ್ಚು ಒತ್ತಾಯ ಮಾಡಲಿಲ್ಲ. ಮುಂದಿನ ಸಲ ಮಿಸ್ತ್ರಿ ಬಂದರೆ ಜಾಬ್ ಕಾರ್ಡ್ ಒಂದು ಬರೆಸಿಕೋ ಎಂದೆ. ಹೂಂ ಎಂದ. ಫೋನ್ ಇಡುವ ಮುಂಚೆ, "ನಿನ್ನ ಗಾಡಿ ಮೂಲಿ ಒಣಗ್ಯಾದೇನು?" ಎಂದು ಕೇಳಿದ.

ಒಣಗಿದೆ ಎಂದೆ. ಗಾಡಿ ಮರಳಿ ಬಂದು ಎರಡು ತಿಂಗಳಾಯಿತು. ಅದನ್ನು ಕೇಳಿದವನು ಇವನೊಬ್ಬನೇ.