ಅಂಗಳಕ್ಕೆ ಮಳೆ ಇಲ್ಲ, ತೋಟಕ್ಕೆ ಇದೆ

ತುಳುವರ ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಮುಗಿಯುತ್ತಾ ಬಂತೆಂದರೆ ನಮ್ಮ ಉಡುಪಿ ಕಡೆಯ ಹಳ್ಳಿಮನೆಗಳಲ್ಲಿ ಯಜಮಾನರೇ ಹವಾಮಾನ ಇಲಾಖೆ. ಬೆಳಿಗ್ಗೆ ಚಾ ಲೋಟ ಹಿಡಿದು ಜಗಲಿಗೆ ಬರುತ್ತಾರೆ. ಅಂಗಳದ ಮೇಲೆ ಏರೋಪ್ಲೇನ್ ಚಿಟ್ಟೆಗಳ ಹಾರಾಟ, ಹೀರೆ ಎಲೆಯಲ್ಲಿ ಹಳದಿ ಚುಕ್ಕೆ, ಬೀಜಕ್ಕೆ ಬಿಟ್ಟ ಮುಳ್ಳುಸೌತೆ ಹಣ್ಣಾಗಿ ಚಪ್ಪರದ ಬುಡಕ್ಕೆ ಇಳಿದಿದೆ. ಅಷ್ಟು ಸಾಕು.

"ಇನ್ನು ಮಳೆ ಇಲ್ಲ ಮಾರಾಯ್ರೆ. ಆ ಸೋಗೆ ಎಲ್ಲ ತೆಗೀರಿ."

ಜೂನಿನಿಂದ ಅಂಗಳದಲ್ಲಿ ಹಾಸಿದ್ದ ಅಡಿಕೆ ಸೋಗೆಗಳವು. ಎಲ್ಲರ ಸೊಂಟ ಇಷ್ಟು ದಿನ ನೆಟ್ಟಗಿದ್ದದ್ದೇ ಅವುಗಳಿಂದ. ಎತ್ತಿದರೆ ಅಡಿಯಲ್ಲಿ ಪಾಚಿ. ಪಾಚಿ ಹಸಿರಾಗಿದ್ದಾಗ ಅಷ್ಟು ಅಪಾಯವಿಲ್ಲ. ಕಣ್ಣಿಗೆ ಕಾಣುತ್ತದೆ, ಕಾಲು ತಾನೇ ಹುಷಾರಾಗುತ್ತದೆ. ಎರಡು ದಿನದ ಬಿಸಿಲಿಗೆ ಅದು ಕಪ್ಪಾಗಿ ನೆಲದ ಬಣ್ಣಕ್ಕೇ ತಿರುಗಿದಾಗ ನೋಡಿ. ಮೇಲೆ ನಾಲ್ಕು ಹನಿ ಬಿದ್ದರೆ ಮುಗಿಯಿತು, ಬಟ್ಟೆ ಒಣಹಾಕಲು ಹೋದವರು ಬಟ್ಟೆಯ ಜೊತೆಗೇ ಬಾವಿಕಟ್ಟೆ ಮುಟ್ಟುತ್ತಾರೆ.

ಬ್ಲೀಚಿಂಗ್ ಪೌಡರ್ ಹಾಕಬಹುದು. ಒದ್ದೆ ನೆಲಕ್ಕೆ ಉದುರಿಸಿ, ಅರ್ಧ ಗಂಟೆ ಬಿಟ್ಟು, ಹಿಡಿಸೂಡಿಯಲ್ಲಿ ತಿಕ್ಕಿ ತೊಳೆಯಬೇಕು. ಕಕ್ಕಸು ತೊಳೆಯುವ ಆ್ಯಸಿಡ್ ಮಾತ್ರ ಅದಕ್ಕೆ ಸೇರಿಸಬಾರದು, ಏಳುವುದು ವಿಷದ ಗಾಳಿ. ಆದರೆ ಪೌಡರ್ ಹಾಕಿ ಹತ್ತು ನಿಮಿಷಕ್ಕೆ ಮಳೆ ಬಂದರೆ ದುಡ್ಡೆಲ್ಲ ತೋಡಿನ ಪಾಲು. ಬಂದೇ ಬರುತ್ತದೆ. ಸೋಣದ ಹಿಂದಿನ ಆಟಿ ತಿಂಗಳಲ್ಲಿ ಸದ್ದಿಲ್ಲದೆ ಸುರಿದ ಮಳೆ ಈಗ ಮಧ್ಯಾಹ್ನ ಮೇಲೆ ಗುಡುಗು, ಸಿಡಿಲು, ವಾದ್ಯಸಮೇತ ಬರುವ ಕಾಲ.

ತಮಾಷೆ ಇರುವುದು ಇಲ್ಲಿ. ಅಂಗಳದಲ್ಲಿ ಮಳೆಗಾಲ ಮುಗಿಸಿದ ಅದೇ ಯಜಮಾನರು ತೋಟದ ಕಡೆ ತಿರುಗಿ, "ಮಳೆ ಬಿಡುವ ಲಕ್ಷಣ ಇಲ್ಲ, ಅಡಿಕೆಯ ಕೊಳೆರೋಗಕ್ಕೆ ಇನ್ನೊಂದು ಮದ್ದು ಬಿಡಬೇಕು" ಎನ್ನುತ್ತಾರೆ. ಮದ್ದೆಂದರೆ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಅದಲುಬದಲು ಮಾಡಬಾರದು. ಆಮೇಲೆ ಪರೀಕ್ಷೆಗೆ ಚೂರಿ ಬೇಕು. ಅಡುಗೆಮನೆಯದ್ದೇ! ಅದ್ದಿ ತೆಗೆದಾಗ ಚೂರಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಮದ್ದನ್ನು ಅದೇ ದಿನ ಬಿಟ್ಟು ಮುಗಿಸಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬಾರದು. ಚೂರಿ ವಾಪಸು ಬರುವುದಕ್ಕೆ ಮಾತ್ರ ಅಂಥ ವಾಯಿದೆ ಯಾವುದೂ ಇಲ್ಲ.

ರಾತ್ರಿ ಕಪ್ಪೆಗಳ ಗಲಾಟೆ ಕಡಿಮೆಯಾಗಿರುತ್ತದೆ. ಮೂರು ತಿಂಗಳು ಬೈದುಕೊಂಡು ಮಲಗಿದವರಿಗೆ ಈಗ ಆ ಸದ್ದಿಲ್ಲದೆ ನಿದ್ದೆ ಹತ್ತುವುದಿಲ್ಲ. ಹಂಚಿನ ಮೇಲೆ ಒಂದು ಹನಿ, ಎರಡು ಹನಿ. ಆಮೇಲೆ ಧೋ ಎಂದು.

ಕತ್ತಲಲ್ಲಿ ಯಜಮಾನರ ದನಿ: "ಹೌದಾ, ಆ ಸೋಗೆ ಎಲ್ಲಿ ಹಾಕಿದ್ದೀರಿ?"

ಹಟ್ಟಿಯಲ್ಲಿ, ದನದ ಕಾಲಡಿಗೆ.