‘ನಾವು’ ಆಪರೇಷನ್ ಮಾಡಿಸ್ಕೊಂಡ್ವಿ

ಅಕ್ಕನ ಎರಡನೇ ಬಾಣಂತನ. ಹೋದ ವಾರ ಮೈಸೂರಿಂದ ಮಂಡ್ಯ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹೆರಿಗೆ ಜೊತೆಗೇ, ಇನ್ನು ಮಕ್ಕಳಾಗದ ಹಾಗೆ ಆಪರೇಷನ್ನೂ ಆಗಿದೆ. ಜಗಲಿ ಮೇಲೆ ಕೂತ ಭಾವ ಬಂದವರಿಗೆಲ್ಲ, "ಎರಡೇ ಸಾಕು ಅಂತ ನಾವು ಆಪ್ರೇಸನ್ ಮಾಡಿಸ್ಕೊಬುಟ್ವಿ" ಅನ್ನುತ್ತಿದ್ದರು. ಒಳಗೆ ಅಕ್ಕ ಹೊಲಿಗೆ ನೋವಿಗೆ ಗೋಡೆ ಹಿಡಿದು ಏಳುತ್ತಿದ್ದಳು.

"ನೀವೇ ಮಾಡಿಸ್ಕೋಬಹುದಿತ್ತಲ್ವಾ ಭಾವ?" ಅಂದೆ.

"ಸುಮ್ಕಿರಪ್ಪ. ನರ ಕಟ್ ಮಾಡ್ಸ್ಕೊಂಡ್ರೆ ಕಬ್ಬು ಕಡಿಯೋಕೆ ಶಕ್ತಿ ಇರ್ತದಾ?"

ಈ ಭಯ ಭಾವನದ್ದೊಂದೇ ಅಲ್ಲ. ಎಮರ್ಜೆನ್ಸಿ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯಿತು. ಎಷ್ಟೋ ಕಡೆ ಬಲವಂತವಾಗಿ. 1977ರ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಹೊಸಬರು ‘ಕುಟುಂಬ ಯೋಜನೆ’ಯನ್ನು ‘ಕುಟುಂಬ ಕಲ್ಯಾಣ’ ಅಂತ ಕರೆದರು. ಗಂಡಸರ ತಂಟೆಗೆ ಹೋದರೆ ಓಟು ಹೋಗುತ್ತೆ ಅನ್ನೋದು ಎಲ್ಲ ಪಕ್ಷಕ್ಕೂ ಅರ್ಥವಾಯಿತು ಅನಿಸುತ್ತೆ. ಇಷ್ಟು ಆಪರೇಷನ್ ಆಗಲೇಬೇಕು ಅನ್ನೋ ಟಾರ್ಗೆಟ್ ಮಾತ್ರ ಹೋಗಲಿಲ್ಲ, ಹೆಂಗಸರ ಕಡೆ ತಿರುಗಿತು.

2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಒಂದೇ ಕ್ಯಾಂಪಿನಲ್ಲಿ, ಕೆಲವೇ ಗಂಟೆಗಳಲ್ಲಿ, 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆ ದುರಂತದಲ್ಲಿ 12ಕ್ಕೂ ಹೆಚ್ಚು ಜನ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟೇ ಇಂಥ ಕ್ಯಾಂಪ್‌ಗಳನ್ನು ನಿಲ್ಲಿಸಿ ಅನ್ನಬೇಕಾಯಿತು.

ಬೇಜಾರೇನಂದ್ರೆ, ಬಲವಂತವಿಲ್ಲದ ಕುಟುಂಬ ಯೋಜನೆಯಲ್ಲಿ ನಾವೇ ಮೊದಲಿಗರು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಬೇಕಾದವರು ಬಂದು ಸಲಹೆ ಕೇಳಲಿ ಅಂತ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಗು. 2000ದ ಜನಸಂಖ್ಯಾ ನೀತಿ ಕೇಳಿದ್ದು 2.1. ಭೇಷ್! ಆದರೆ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಹೆಚ್ಚುಕಮ್ಮಿ ಸೊನ್ನೆ.

ಹೊಟ್ಟೆ ಕೊಯ್ಯೋದಕ್ಕಿಂತ ಗಂಡಸರ ಆಪರೇಷನ್ ಎಷ್ಟೋ ಸಲೀಸು. ಆ ಜಾಗಕ್ಕಷ್ಟೇ ಮರಗಟ್ಟಿಸಿ, ಹೊಲಿಗೆ ಹಾಕದೆ ಮುಗಿಸಿ, ಅವತ್ತೇ ಮನೆಗೆ ಕಳಿಸುತ್ತಾರೆ. ಶಕ್ತಿಯೂ ಕುಗ್ಗಲ್ಲ, ಗಂಡಸ್ತನವೂ ಹೋಗಲ್ಲ. ಮೂರು ತಿಂಗಳು ಬಿಟ್ಟು ಒಂದು ಟೆಸ್ಟ್ ಮಾಡಿಸಬೇಕು, ಅಲ್ಲಿವರೆಗೆ ಮಗು ಆಗದ ಹಾಗೆ ಹುಷಾರಾಗಿರಬೇಕು, ಅಷ್ಟೇ.

ಇದನ್ನೆಲ್ಲ ಹೇಳೋಕೆ ನಾನೇನು ಸಾಚಾ ಅಲ್ಲ ಬಿಡಿ. ನಮ್ಮನೇಲೂ ಮಾಡಿಸಿಕೊಂಡಿದ್ದು ಹೆಂಡತಿಯೇ.

ಭಾವ ಎಲ್ಲ ಕೇಳಿಸಿಕೊಂಡು, ಎಲೆಗೆ ಸುಣ್ಣ ಸವರುತ್ತಾ ಅಂದರು: "ಹೌದಾ? ಆಸ್ಪತ್ರೇಲಿ ನನ್ನ ಒಂದು ಮಾತೂ ಕೇಳ್ಲಿಲ್ಲ ಕಣಪ್ಪ. ಸೈನ್ ಹಾಕಿ ಅಂದ್ರು, ಹಾಕ್ದೆ."